ಶಾಲಾ ಸಂಸತ್ತು ನಿಜವಾಗಿ ನಡೆಯಬೇಕೆಂದರೆ: ಜೂನ್‌ನಿಂದ ಮಾರ್ಚ್‌ವರೆಗಿನ ಮಾರ್ಗದರ್ಶಿ

ಮೇಷ್ಟ್ರು ಆಫೀಸ್ ರೂಮಿನ ಕಡೆ ಹೋದ ಕೂಡಲೇ ಕ್ಲಾಸ್ ಲೀಡರ್ ಎದ್ದು ಚಾಕ್‌ಪೀಸ್ ಹಿಡಿಯುತ್ತಾನೆ. ಬೋರ್ಡಿನ ಮೂಲೆಯಲ್ಲಿ ‘ಮಾತಾಡುವವರು’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಾನೆ. ಮೊದಲ ಸಲ ಬಾಯಿ ಬಿಟ್ಟರೆ ಹೆಸರು, ಎರಡನೇ ಸಲಕ್ಕೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಮೇಷ್ಟ್ರ ಚಪ್ಪಲಿ ಸದ್ದು ಕೇಳಿಸುತ್ತಲೇ ಗೆಳೆಯನ ಹೆಸರನ್ನು ಅಂಗೈಯಲ್ಲಿ ಒರೆಸಿಬಿಡುತ್ತಾನೆ.

ನಮ್ಮ ಎಷ್ಟೋ ಶಾಲೆಗಳಲ್ಲಿ ನಾಯಕತ್ವದ ತರಬೇತಿ ಇಲ್ಲಿಗೇ ಮುಗಿಯುತ್ತದೆ. ಇದರಿಂದ ಆ ಹುಡುಗ ಕಲಿಯುವುದು ಎರಡು ವಿದ್ಯೆ: ಚಾಡಿ ಹೇಳುವುದು ಮತ್ತು ತನ್ನವರನ್ನು ಉಳಿಸಿಕೊಳ್ಳುವುದು. ಮಕ್ಕಳೇ ಮತ ಹಾಕಿ ತಮ್ಮ ಮಂತ್ರಿಗಳನ್ನು ಆರಿಸುವ ಶಾಲಾ ಸಂಸತ್ತಿನ ಪಾಡೂ ಹೆಚ್ಚು ಬೇರೆಯಲ್ಲ. ಜೂನ್‌ನಲ್ಲಿ ಚುನಾವಣೆ, ಪ್ರಮಾಣವಚನ, ಬ್ಯಾಡ್ಜು, ವಾಟ್ಸ್ಆ್ಯಪ್ ಗುಂಪಿಗೆ ಫೋಟೊ. ಆಗಸ್ಟ್ ಹೊತ್ತಿಗೆ ‘ಆರೋಗ್ಯ ಮಂತ್ರಿ ಯಾರಮ್ಮ?’ ಎಂದು ಕೇಳಿದರೆ ಆರೋಗ್ಯ ಮಂತ್ರಿಗೇ ನೆನಪಿರುವುದಿಲ್ಲ.

ಮಗುವಿನ ಕೈಗೆ ನಿಜವಾದ ಕೆಲಸ ಕೊಡಬೇಕು, ಅದರೊಳಗೆ ಒಂದು ನಿಜವಾದ ತೀರ್ಮಾನ ಇರಬೇಕು, ಆಮೇಲೆ ಉಳಿದ ಮಕ್ಕಳೆದುರು ಲೆಕ್ಕ ಒಪ್ಪಿಸಬೇಕು. ಈ ಮೂರೂ ಇದ್ದರೆ ಬ್ಯಾಡ್ಜ್ ಇಲ್ಲದಿದ್ದರೂ ನಡೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳ ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಡೀ ವರ್ಷದ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಬೇಕಾಗುವ ಸಾಮಾನು ಕಡಿಮೆ: 200 ಪುಟದ 3 ನೋಟ್‌ಬುಕ್, ಒಂದು ಅಳತೆ ಲೋಟ, ತಿಂಗಳಿಗೆ 300 ರೂಪಾಯಿ, ವಾರಕ್ಕೊಂದು ಪೀರಿಯಡ್.

ಹಂತ 1: ಕೆಲಸ ಮೊದಲು, ಖಾತೆ ಆಮೇಲೆ

ಜೂನ್ ಮೊದಲ ವಾರದಲ್ಲಿ ಚುನಾವಣೆಯ ಮಾತೇ ಎತ್ತಬೇಡಿ. 6ನೇ ತರಗತಿಯಿಂದ ಮೇಲಿನ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಗುಂಪಿಗೊಂದು ಹಾಳೆ ಕೊಟ್ಟು, ಶಾಲೆಯನ್ನು ಒಂದು ಸುತ್ತು ಹಾಕಿಸಿ. ಹಾಳೆಯಲ್ಲಿ ಎರಡೇ ಕಲಂ: ‘ದಿನಾ ಆಗಬೇಕಾದ ಕೆಲಸ’, ‘ಕೆಟ್ಟು ನಿಂತಿರುವುದು’. ನಲ್ಲಿ ಸೋರುತ್ತಿದೆ, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕಿತ್ತಿದೆ, ಲೈಬ್ರರಿ ಬೀರು ಹೋದ ವರ್ಷದಿಂದ ತೆಗೆದಿಲ್ಲ, ಬಾಲ್ ಇದೆ ಪಂಪ್ ಇಲ್ಲ. 40 ನಿಮಿಷದಲ್ಲಿ ಇಂಥ 30 ಸಾಲು ಸುಲಭವಾಗಿ ಸಿಗುತ್ತವೆ.

ಇವನ್ನು ಸೇರಿಸಿದಾಗ ಐದೋ ಆರೋ ಖಾತೆ ತಾವಾಗಿಯೇ ಮೂಡುತ್ತವೆ: ಹಾಲು ಮತ್ತು ಊಟ, ನೀರು ಮತ್ತು ಸ್ವಚ್ಛತೆ, ಓದು ಮತ್ತು ಲೈಬ್ರರಿ, ಆಟ, ತೋಟ, ಪ್ರಾರ್ಥನೆ ಮತ್ತು ಸಾಂಸ್ಕೃತಿಕ. ಅಷ್ಟು ಸಾಕು. ಹನ್ನೆರಡು ಹದಿನೈದು ಮಂತ್ರಿಗಳ ಸಂಪುಟ ನೋಡಲು ಚೆಂದ, ಆದರೆ ಅರ್ಧ ಜನರಿಗೆ ಕೆಲಸವೇ ಇರುವುದಿಲ್ಲ. ಕೆಲಸವಿಲ್ಲದ ಮಂತ್ರಿ ನವೆಂಬರ್ ಹೊತ್ತಿಗೆ ಹಿಂದಿನ ಬೆಂಚಿನ ಗಲಾಟೆಗೆ ನಾಯಕನಾಗಿರುತ್ತಾನೆ. ‘ಶಿಸ್ತು ಖಾತೆ’ ಅಂತೂ ಬೇಡವೇ ಬೇಡ. ಅದು ಬೋರ್ಡಿನ ಮೇಲೆ ಹೆಸರು ಬರೆಯುವುದರ ದೊಡ್ಡಣ್ಣ.

ಪ್ರತಿ ಖಾತೆಗೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಗೋಡೆಗೆ ಅಂಟಿಸಿ: ದಿನಾ ಏನು ಮಾಡಬೇಕು, ಯಾವುದನ್ನು ಮಕ್ಕಳೇ ತೀರ್ಮಾನಿಸಬಹುದು, ಯಾವುದಕ್ಕೆ ಮೇಷ್ಟ್ರನ್ನು ಕೇಳಬೇಕು. ನಡುವಿನ ಸಾಲು ಖಾಲಿ ಬಿದ್ದರೆ ಅದು ಜವಾನನ ಕೆಲಸ. ಅಂಥ ಖಾತೆಯನ್ನು ಬೇರೊಂದರೊಳಗೆ ಸೇರಿಸಿಬಿಡಿ.

ಒಂದು ಎಚ್ಚರಿಕೆ. ನೀರು ಮತ್ತು ಸ್ವಚ್ಛತೆ ಖಾತೆಯ ಮಕ್ಕಳು ನೋಡುತ್ತಾರೆ, ಎಣಿಸುತ್ತಾರೆ, ಬರೆಯುತ್ತಾರೆ: ನೀರು ಬಂತೇ, ಸೋಪು ಇದೆಯೇ, ಚಿಲಕ ಬೀಳುತ್ತದೆಯೇ. ಶೌಚಾಲಯ ತೊಳೆಯುವುದಿಲ್ಲ, ಗುಂಡಿ ಮುಟ್ಟುವುದಿಲ್ಲ. ಮಕ್ಕಳಿಂದ ಅದನ್ನು ಮಾಡಿಸುವುದು ಅಪರಾಧ. ‘ನಾಯಕತ್ವ’, ‘ಶ್ರಮದಾನ’ ಎಂಬ ಹೆಸರಿಟ್ಟರೆ ಅದು ಬದಲಾಗುವುದಿಲ್ಲ.

ಹಂತ 2: ಚುನಾವಣೆ

ಅದಕ್ಕೂ ಮೊದಲು ಒಂದು ವಾರದ ಪರೀಕ್ಷಾ ಓಟ. ಯಾರಿಗೆ ಯಾವ ಖಾತೆ ಇಷ್ಟವೋ ಅವರು ಎರಡು ದಿನ ಆ ಕೆಲಸ ಮಾಡಿ ನೋಡಲಿ. ಹಾಲಿನ ಸಾಲಿನಲ್ಲಿ ನಿಂತು ಒಂದನೇ ತರಗತಿ ಮಕ್ಕಳನ್ನು ಸಂಭಾಳಿಸಿದ ಮೇಲೆ ಅರ್ಧದಷ್ಟು ಆಕಾಂಕ್ಷಿಗಳು ತಾವೇ ಹಿಂದೆ ಸರಿಯುತ್ತಾರೆ. ಉಳಿದವರನ್ನು ಎಲ್ಲರೂ ನೋಡಿರುತ್ತಾರೆ, ಮತ ಹಾಕುವುದಕ್ಕೆ ಆಧಾರ ಸಿಗುತ್ತದೆ.

ನಾಮಪತ್ರಕ್ಕೆ ಇಬ್ಬರು ಸೂಚಕರ ಸಹಿ ಬೇಕು, ಅದರಲ್ಲಿ ಒಬ್ಬರು ಬೇರೆ ತರಗತಿಯವರಾಗಿರಲಿ. ಒಂದೇ ಕೇರಿಯ ಹುಡುಗರು ಒಂದು ಗುಂಪಾಗುವುದನ್ನು ಈ ಒಂದು ನಿಯಮ ಸಾಕಷ್ಟು ಸಡಿಲಿಸುತ್ತದೆ. ಕೈ ಎತ್ತಿಸಿ ಮತ ಎಣಿಸಬೇಡಿ. ಯಾರು ಯಾರ ಕಡೆ ಎಂದು ಎಲ್ಲರಿಗೂ ಕಂಡರೆ ಆ ಜಗಳ ಮನೆಯವರೆಗೂ ಹೋಗುತ್ತದೆ. ಹಾಳೆಯನ್ನು ನಾಲ್ಕಾಗಿ ಹರಿದು, ಚಿಹ್ನೆಗಳನ್ನು ಬರೆದು, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿ. ಮೊಬೈಲ್‌ನಲ್ಲಿ ಮತಯಂತ್ರದ ಆ್ಯಪ್ ಬಳಸುವ ಶಾಲೆಗಳಿವೆ. ಮಕ್ಕಳಿಗೆ ಆ ‘ಬೀಪ್’ ಸದ್ದು ತುಂಬ ಇಷ್ಟ. ಆದರೆ ಎಣಿಕೆ ಕಣ್ಣಿಗೆ ಕಾಣಬೇಕೆಂದರೆ ಚೀಟಿಯೇ ಮೇಲು. ಚೀಟಿಯನ್ನು ಒಬ್ಬಳು ಬಿಚ್ಚಿ ಓದುತ್ತಾಳೆ, ಇನ್ನೊಬ್ಬ ಬೋರ್ಡಿನಲ್ಲಿ ಗೀಟು ಎಳೆಯುತ್ತಾನೆ, ಐದನೇ ಗೀಟು ಅಡ್ಡ ಬಿದ್ದಾಗ ಇಡೀ ತರಗತಿ ಎದ್ದು ನಿಂತಿರುತ್ತದೆ.

ಇಲ್ಲಿ ತಪ್ಪುವುದು ಹೆಚ್ಚಾಗಿ ಶಿಕ್ಷಕರೇ. ಫಸ್ಟ್ ರ‍್ಯಾಂಕ್ ಹುಡುಗಿಯನ್ನು ‘ನೀನು ನಿಲ್ಲಮ್ಮ’ ಎಂದು ನಿಲ್ಲಿಸುವುದು, ಪಂಚಾಯಿತಿ ಸದಸ್ಯರ ಮಗನಿಗೆ ಸುಮ್ಮನೆ ದಾರಿ ಮಾಡಿಕೊಡುವುದು. ಚಾಕೊಲೇಟ್ ಹಂಚಿದ್ದು ಗೊತ್ತಾದರೆ ಬೈದು ಮುಗಿಸಬೇಡಿ. ಪ್ರಾರ್ಥನೆಯ ನಂತರ ಮಕ್ಕಳ ಮುಂದೆಯೇ ಇಡಿ: ಈ ಮತ ಎಣಿಸೋಣವೇ, ಮತ್ತೆ ನಡೆಸೋಣವೇ? ಇಡೀ ವರ್ಷದ ಪೌರನೀತಿ ಪಾಠ ಆ ಹತ್ತು ನಿಮಿಷದಲ್ಲಿ ಆಗಿಹೋಗುತ್ತದೆ.

ಅವಧಿ ಅರ್ಧ ವರ್ಷ. ದಸರಾ ರಜೆಗೆ ಒಂದು ಸಂಪುಟ ಮುಗಿದು, ರಜೆ ಮುಗಿದ ಮೇಲೆ ಇನ್ನೊಂದು. ಪ್ರೌಢಶಾಲೆಯಾದರೆ ಎರಡನೇ ಅವಧಿಗೆ 9ನೇ ತರಗತಿಯವರೇ ಇರಲಿ. 10ನೇಯವರು ಜನವರಿಯಿಂದ ಎಸ್ಸೆಸ್ಸೆಲ್ಸಿ ಸಿದ್ಧತೆಯಲ್ಲಿ ಮುಳುಗುತ್ತಾರೆ, ಖಾತೆ ಅನಾಥವಾಗುತ್ತದೆ. 20–25 ಮಕ್ಕಳ ಸಣ್ಣ ಶಾಲೆಗೆ ಚುನಾವಣೆಯ ಗೊಡವೆಯೇ ಬೇಡ. ವಾರಕ್ಕೊಬ್ಬರಂತೆ ಸರದಿ ಸಾಕು.

ಹಂತ 3: ಪ್ರತಿ ಖಾತೆಗೂ ಇಬ್ಬರು

ನಮ್ಮ ಸೀಮೆಗೆ ಇದು ಬಹಳ ಮುಖ್ಯ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವುದು) ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಸೊಪ್ಪು ತಂದಷ್ಟೂ ಸಾಲದು. ಹುಳು ಹಣ್ಣಾದ ದಿನ, ಗೂಡು ಕಟ್ಟುವ ಬಿದಿರು ತಟ್ಟೆಯಾದ ಚಂದ್ರಿಕೆಗೆ ಬಿಡಲು ಮನೆ ಮಂದಿಯೆಲ್ಲ ಬೇಕು, ಮಕ್ಕಳು ಶಾಲೆಗೆ ಬರುವುದಿಲ್ಲ. ಶ್ರೀನಿವಾಸಪುರದ ಕಡೆ ಜೂನ್‌ನಲ್ಲಿ ಮಾವು, ಕೋಲಾರದ ಸುತ್ತ ಟೊಮೆಟೊ ಕೀಳುವ ದಿನಗಳು. ಮಕ್ಕಳು ಕೂಲಿಗೆ ಹೋಗುವುದು ತಪ್ಪಬೇಕು, ಆ ಪ್ರಯತ್ನ ಬೇರೆಯಾಗಿ ನಡೆಯಲಿ. ಸಂಸತ್ತಂತೂ ಒಬ್ಬರ ಮೇಲೆ ನಿಲ್ಲಬಾರದು.

ಖಾತೆಗೊಬ್ಬ ಹುಡುಗಿ, ಒಬ್ಬ ಹುಡುಗ. ‘ಮಂತ್ರಿ’ ಮತ್ತು ‘ಉಪಮಂತ್ರಿ’ ಬೇಡ, ಇಬ್ಬರೂ ಸಮ. ವಾರ ಬಿಟ್ಟು ವಾರ ಒಬ್ಬರು ಮುಂದೆ, ಇನ್ನೊಬ್ಬರು ಪುಸ್ತಕ ಬರೆಯುವವರು. ಹೀಗೆ ಮಾಡದಿದ್ದರೆ ಏನಾಗುತ್ತದೆ ಎನ್ನುವುದು ಯಾವ ಶಾಲೆಯಲ್ಲಾದರೂ ಕಾಣುತ್ತದೆ: ಹುಡುಗ ಮೈಕ್ ಹಿಡಿಯುತ್ತಾನೆ, ಹುಡುಗಿ ರಂಗೋಲಿ ಹಾಕುತ್ತಾಳೆ.

ಹಂತ 4: ಒಂದು ಕೆಲಸವನ್ನು ಪೂರ್ತಿ ಕಲಿಸಿ

ಎಲ್ಲ ಖಾತೆಗಳಿಗೂ ಒಂದೇ ಸಲ ತರಬೇತಿ ಕೊಡಲು ಹೋದರೆ ಯಾವುದೂ ಊರುವುದಿಲ್ಲ. ಹಾಲಿನಿಂದ ಶುರುಮಾಡಿ. ದಿನಾ ಆಗುವ ಕೆಲಸ, ತಪ್ಪಾದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಶಾಲಾ ಮಕ್ಕಳಿಗೆ ಸರ್ಕಾರ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯ ಲೆಕ್ಕ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿಲೀಟರ್ ಹಾಲು. ಪ್ರಾರ್ಥನೆ ಮುಗಿದ ಕೂಡಲೇ ಹಾಲಿನ ಖಾತೆಯವರು ತರಗತಿವಾರು ಹಾಜರಿ ತಂದು ಕೂಡಿಸುತ್ತಾರೆ. ಇವತ್ತು 112 ಮಕ್ಕಳು ಎಂದುಕೊಳ್ಳಿ. 112ನ್ನು 18ರಿಂದ ಗುಣಿಸಿದರೆ 2,016 ಗ್ರಾಂ, ಅಂದರೆ 2 ಕೆ.ಜಿ. ಮೇಲೆ ಸ್ವಲ್ಪ. ಹಾಲು 16 ಲೀಟರ್ 800 ಮಿಲಿ. ಇದನ್ನು ಚೀಟಿಯಲ್ಲಿ ಬರೆದು ಅಡುಗೆಯವರಿಗೆ ಕೊಡುತ್ತಾರೆ. 6ನೇ ತರಗತಿಯ ಮಗುವಿಗೆ ಗುಣಾಕಾರ ಯಾಕೆ ಬೇಕು ಎನ್ನುವುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಎಡವಟ್ಟಾಗುವುದು ಮೂರು ಕಡೆ. ಒಂದು, ಪ್ರಾರ್ಥನೆಗೆ ಮೊದಲೇ ಎಣಿಸುವುದು. ಬಸ್ಸಿನಲ್ಲಿ ಬರುವ ಹತ್ತು ಮಕ್ಕಳು ಲೆಕ್ಕದಿಂದ ಹೊರಗುಳಿದು, ಕೊನೆಗೆ ನೀರು ಬೆರೆಸಿ ಸರಿಮಾಡಬೇಕಾಗುತ್ತದೆ. ಎರಡು, ಲೋಟಗಳು ಮನೆಯಿಂದ ಬಂದವಾದ್ದರಿಂದ ಒಂದೊಂದು ಅಳತೆ. ಸೌಟಿನಲ್ಲಿ ಅಂದಾಜಿಗೆ ಬಿಟ್ಟರೆ ಮೊದಲ ಸಾಲಿಗೆ ತುಂಬಿ ತುಳುಕುತ್ತದೆ, ಕೊನೆಯ ಸಾಲಿಗೆ ತಳ. ಅದಕ್ಕೇ 150 ಮಿಲಿಯ ಅಳತೆ ಲೋಟ ಒಂದನ್ನು ಕೊಂಡಿಡಬೇಕು. ಮೂರು, ದೊಡ್ಡವರು ಮೊದಲು ನಿಂತುಬಿಡುವುದು. ಒಂದನೇ ತರಗತಿಯಿಂದ ಸಾಲು ಶುರುವಾಗಲಿ, ಬಡಿಸುವವರು ಎಲ್ಲರಿಗಿಂತ ಕೊನೆಗೆ ಕುಡಿಯಲಿ. ಕೊನೆಗೆ ಕುಡಿಯುವವನಿಗೆ ಅಳತೆ ತಪ್ಪಿದ್ದು ಬೇರೆ ಯಾರೂ ಹೇಳಬೇಕಾಗಿಲ್ಲ, ಅವನ ಲೋಟವೇ ಹೇಳುತ್ತದೆ.

ಒಲೆ, ಬಿಸಿ ಪಾತ್ರೆ ಅಡುಗೆಯವರದು. ಮಕ್ಕಳು ಆ ಬಾಗಿಲು ದಾಟಬಾರದು. ಪಾತ್ರೆಯನ್ನು ಜಗಲಿಗೆ ತಂದಿಟ್ಟು, ಹಾಲು ಉಗುರುಬೆಚ್ಚಗಾದ ಮೇಲೆಯೇ ಮಕ್ಕಳ ಕೆಲಸ.

ಇದರಲ್ಲಿ ತೀರ್ಮಾನ ಎಲ್ಲಿದೆ? ಹಾಲು ಮಿಕ್ಕಿತು, ಯಾರಿಗೆ ಎರಡನೇ ಲೋಟ? ‘ಹಾಲು ಸೇರುವುದಿಲ್ಲ’ ಎನ್ನುವ ಮಗುವಿಗೆ ಏನು ಮಾಡುವುದು? ಸಾಲು ನೂಕುನುಗ್ಗಲಾಗುತ್ತದೆ, ಎರಡು ಸಾಲು ಮಾಡೋಣವೇ? ಇವನ್ನು ಅವರಿಗೇ ಬಿಡಿ. ಮೊದಲ ವಾರ ಅವರ ಉಪಾಯ ಕೆಡುತ್ತದೆ. ಕೆಡಲಿ. ಬುಧವಾರ ಕೆಟ್ಟದ್ದನ್ನು ಗುರುವಾರ ನೀವೇ ಸರಿಮಾಡಿಬಿಟ್ಟರೆ ಶುಕ್ರವಾರದಿಂದ ‘ಸಾರ್, ಈಗೇನು ಮಾಡೋದು?’ ಎಂದು ಪ್ರತಿಯೊಂದಕ್ಕೂ ನಿಮ್ಮ ಬಳಿ ಬರುತ್ತಾರೆ.

ಈ ಒಂದು ಕೆಲಸ ಮೂರು ವಾರ ತಡೆಯಿಲ್ಲದೆ ನಡೆದ ಮೇಲೆ ಎರಡನೇ ಖಾತೆಗೆ ಕೈಹಾಕಿ.

ಹಂತ 5: ವಾರದ ಸಭೆ

ಸಂಜೆ ಬೇಡ. ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ ಎನ್ನುವ ಊರುಗಳಲ್ಲಿ ಸಂಜೆಯ ಸಭೆಗೆ ಮೊದಲು ಹೆಣ್ಣುಮಕ್ಕಳೇ ತಪ್ಪುತ್ತಾರೆ. ಬೆಳಿಗ್ಗೆ ಬೇಗ ಕರೆದರೆ ಡೇರಿಗೆ ಹಾಲು ಹಾಕಿ ಬರುವವರು ತಡವಾಗುತ್ತಾರೆ. ಶನಿವಾರದ ಕೊನೆಯ ಪೀರಿಯಡ್ 40 ನಿಮಿಷ, ವೇಳಾಪಟ್ಟಿಯಲ್ಲೇ ಬರೆದುಬಿಡಿ.

ಮೊದಲ 5 ನಿಮಿಷ ಹೋದ ವಾರದ ನಡಾವಳಿ ಓದುವುದು. ಆಮೇಲೆ ಖಾತೆಗೆ 3 ನಿಮಿಷದಂತೆ ವರದಿ: ಏನಾಯಿತು, ಏನು ಆಗಲಿಲ್ಲ, ಏನು ಬೇಕು. ಉಳಿದ ಸಮಯ ಒಂದೇ ಒಂದು ವಿಷಯಕ್ಕೆ. ಕೊನೆಯಲ್ಲಿ ‘ಯಾರು, ಏನು, ಯಾವ ದಿನದೊಳಗೆ’ ಎಂದು ಬರೆದುಕೊಳ್ಳುವುದು. ‘ಸ್ವಚ್ಛತೆ ಕಾಪಾಡಬೇಕೆಂದು ತೀರ್ಮಾನಿಸಲಾಯಿತು’ ಎಂಬ ಸಾಲು ನಡಾವಳಿಯಲ್ಲಿ ಕಂಡರೆ ಹೊಡೆದುಹಾಕಿಸಿ. ‘ನಲ್ಲಿಯ ವಾಷರ್ ತರುವುದು, ಮಂಗಳವಾರದೊಳಗೆ, 7ನೇ ತರಗತಿಯ ಇಬ್ಬರು’ ಎಂದಿದ್ದರೆ ಅದು ತೀರ್ಮಾನ.

ಸಭೆಯಲ್ಲಿ ಶಿಕ್ಷಕರ ಜಾಗ ಹಿಂದಿನ ಬೆಂಚು. ಪ್ರಶ್ನೆ ಬಿದ್ದು ಮೌನ ಕವಿದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಏಳೋ ಎಂಟೋ ಆಗುವಷ್ಟರಲ್ಲಿ ಯಾರಾದರೂ ಬಾಯಿ ಬಿಡುತ್ತಾರೆ. ಒಬ್ಬನೇ ಮಾತಾಡುತ್ತಿದ್ದರೆ ಎಲ್ಲರಿಗೂ ಮೂರು ಮೂರು ಹುಣಸೆಬೀಜ ಕೊಡಿ. ಒಂದು ಸಲ ಮಾತಾಡಿದರೆ ಒಂದು ಬೀಜ ನಡುವೆ ಇಡಬೇಕು, ಬೀಜ ಮುಗಿದವರು ಕೇಳುವವರು. ಎರಡು ವಾರ ಆಟದಂತೆ ಇರುತ್ತದೆ, ಆಮೇಲೆ ಬೀಜವಿಲ್ಲದೆಯೂ ನಡೆಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಶಿಕ್ಷಣದ ಜೀವ ಎಂದು ತಿಳಿದವರು. ಅವರ ಸೀಮೆಯ ಮಕ್ಕಳು ಸಭೆಯಲ್ಲಿ ‘ಯಾಕೆ ಸಾರ್?’ ಎಂದಾಗ ನಮ್ಮ ಮುಖ ಗಂಟಾಗಬಾರದು.

ಹಂತ 6: ನಾಲಿಗೆ ಬಿಡಿಸುವುದು

ಬಾಗೇಪಲ್ಲಿ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಊರಿನ ಕೆಲವು ಬೀದಿಗಳಲ್ಲಿ ಉರ್ದು. ವೇದಿಕೆಯ ಕನ್ನಡ ಬಾರದು ಎಂಬ ಅಂಜಿಕೆಯಿಂದ ಚುರುಕಾದ ಮಕ್ಕಳು ಹಿಂದೆ ಉಳಿಯುತ್ತಾರೆ. ಗುಂಪಿನ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಬೆರಕೆಯಾಗಿಯಾದರೂ ಸರಿ. ವರದಿ ಮಾತ್ರ ಕನ್ನಡದಲ್ಲಿ. ನಡುವೆ ತೆಲುಗು ಪದ ಬಂದರೆ ನಗುವವರನ್ನು ಅಲ್ಲೇ ತಡೆಯಿರಿ, ಪದವನ್ನು ತಿದ್ದುವುದು ಆಮೇಲೆ.

ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದನ್ನು ಪ್ರತಿಭಾ ಕಾರಂಜಿ ಸ್ಪರ್ಧೆಗೆ ಬಿಡಿ. ಅಲ್ಲಿ ಒಂದು ಸಾಲು ಮರೆತರೆ ಮಗು ಮೇಲಕ್ಕೆ ನೋಡುತ್ತಾ ನಿಂತುಬಿಡುತ್ತದೆ. ಇಲ್ಲಿ ಬೇಕಾಗಿರುವುದು ಕಂಡದ್ದನ್ನು ಹೇಳುವ ಅಭ್ಯಾಸ. ಜುಲೈನಲ್ಲಿ ಪ್ರಾರ್ಥನೆ ವೇಳೆ 30 ಸೆಕೆಂಡು, ಎರಡೇ ವಾಕ್ಯ: ‘ನಿನ್ನೆ 8 ಲೋಟ ಹಾಲು ಮಿಕ್ಕಿತು. ಕಾರಣ, 4ನೇ ತರಗತಿಯವರು ಊರ ಜಾತ್ರೆಗೆ ಹೋಗಿದ್ದರು.’ ಆಗಸ್ಟ್‌ನಲ್ಲಿ ಒಂದು ನಿಮಿಷ. ಅಕ್ಟೋಬರ್ ಹೊತ್ತಿಗೆ ಮೂರು ನಿಮಿಷ, ಕೊನೆಗೆ ಕೇಳುಗರಿಂದ ಎರಡು ಪ್ರಶ್ನೆ. ಕೈಯಲ್ಲಿ ಹಾಳೆ ಬೇಡ, ಅಂಗೈಯಷ್ಟು ಚೀಟಿಯಲ್ಲಿ ಮೂರು ಪದ ಇರಲಿ.

ಹಂತ 7: ಹಣ

300 ರೂಪಾಯಿ ದೊಡ್ಡದಲ್ಲ, ಆದರೆ ಹಣವಿಲ್ಲದ ಅಧಿಕಾರ ಬರೀ ನಾಟಕ. ಎಸ್‌ಡಿಎಂಸಿಯಿಂದಲೋ (ಶಾಲಾಭಿವೃದ್ಧಿ ಸಮಿತಿ) ಹಳೆಯ ವಿದ್ಯಾರ್ಥಿಗಳಿಂದಲೋ ಹೊಂದಿಸಿ. ಹಣ ಮುಖ್ಯ ಶಿಕ್ಷಕರ ಬಳಿ, ಲೆಕ್ಕದ ಪುಸ್ತಕ ಮಕ್ಕಳ ಬಳಿ. 100 ರೂಪಾಯಿಗಿಂತ ಹೆಚ್ಚಿನ ಖರ್ಚಿಗೆ ಎರಡು ಅಂಗಡಿಯಲ್ಲಿ ದರ ಕೇಳಿ ಬರಬೇಕು. ತಿಂಗಳ ಕೊನೆಗೆ ರಸೀದಿಗಳನ್ನು ನೋಟಿಸ್ ಬೋರ್ಡಿಗೆ ಸಿಕ್ಕಿಸಬೇಕು. 12 ರೂಪಾಯಿ ವ್ಯತ್ಯಾಸ ಬಂದರೆ ನಿಮ್ಮ ಜೇಬಿನಿಂದ ತುಂಬಿ ಮುಚ್ಚಿಹಾಕಬೇಡಿ. ‘12 ರೂ. ಲೆಕ್ಕ ಸಿಗುತ್ತಿಲ್ಲ’ ಎಂದೇ ಬರೆಯಲಿ.

ಹಂತ 8: ಮಕ್ಕಳ ಗ್ರಾಮಸಭೆಗೆ ಸಿದ್ಧತೆ

ವರ್ಷದ ನಿಜವಾದ ಪರೀಕ್ಷೆ ಇದೇ. ಮಕ್ಕಳ ದಿನಾಚರಣೆಯ ಆಸುಪಾಸಿನಿಂದ ಜನವರಿಯವರೆಗೆ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಇಲಾಖೆಗಳವರು ಕೂರುತ್ತಾರೆ. ಬರೀ ಸ್ವಾಗತಗೀತೆ ಹಾಡಿ ಬಿಸ್ಕತ್ತು ತಿಂದು ಬರುವ ಶಾಲೆಗಳೂ ಇವೆ, ಕೆಲಸ ಮಾಡಿಸಿಕೊಂಡು ಬರುವ ಶಾಲೆಗಳೂ ಇವೆ. ವ್ಯತ್ಯಾಸ ಇರುವುದು ಹಿಂದಿನ ಮೂರು ವಾರಗಳಲ್ಲಿ.

ಮೊದಲ ವಾರ ಸಮೀಕ್ಷೆ. ಶಾಲೆಗೆ ಬರುವ ದಾರಿಯ ನಕ್ಷೆಯನ್ನು ಮಕ್ಕಳೇ ಬರೆದು, ಬೀದಿದೀಪ ಇಲ್ಲದ ಕಂಬ, ಮುಚ್ಚಳವಿಲ್ಲದ ಚರಂಡಿ, ನಾಯಿಗಳ ಹಿಂಡು ಇರುವ ತಿರುವು ಗುರುತಿಸಲಿ. ಫ್ಲೋರೈಡ್ ನೀರಿನ ನಮ್ಮ ಊರುಗಳಲ್ಲಿ ಶುದ್ಧ ನೀರಿನ ಘಟಕ ವಾರದಲ್ಲಿ ಎಷ್ಟು ದಿನ ಕೆಟ್ಟಿತ್ತು ಎಂದು ದಿನಾಂಕ ಹಾಕಿ ಬರೆಯಲಿ. ‘ನೀರಿನ ಸಮಸ್ಯೆ ಇದೆ’ ಎಂದರೆ ಪಿಡಿಒ ‘ನೋಡೋಣ’ ಎನ್ನುತ್ತಾರೆ. ‘ಅಕ್ಟೋಬರ್‌ನಲ್ಲಿ 11 ದಿನ ಘಟಕ ಬಂದ್ ಆಗಿತ್ತು, ಇಲ್ಲಿದೆ ಪಟ್ಟಿ’ ಎಂದರೆ ಪೆನ್ನು ತೆಗೆಯುತ್ತಾರೆ.

ಎರಡನೇ ವಾರ ಸೋಸುವುದು. 25 ಬೇಡಿಕೆಗಳಲ್ಲಿ ಮೂರನ್ನು ಆರಿಸಬೇಕು. ಯಾವುದು ಯಾರ ಕೈಯಲ್ಲಿದೆ ಎಂದು ವಿಂಗಡಿಸುವುದೇ ಇಲ್ಲಿನ ಪಾಠ. ಬೀದಿದೀಪ, ಕುಡಿಯುವ ನೀರು, ಚರಂಡಿ ಪಂಚಾಯಿತಿಗೆ. ಜೋತುಬಿದ್ದ ವಿದ್ಯುತ್ ತಂತಿ ಕರೆಂಟ್ ಕಂಪನಿ ಬೆಸ್ಕಾಂಗೆ. ಬಸ್ಸಿನ ಸಮಯ ಕೆಎಸ್‌ಆರ್‌ಟಿಸಿ ಡಿಪೊಗೆ. ಗಣಿತ ಶಿಕ್ಷಕರಿಲ್ಲ ಎಂಬುದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ತಪ್ಪು ಬಾಗಿಲು ತಟ್ಟಿದ ಮನವಿ ಫೈಲಿನಲ್ಲೇ ಮಲಗುತ್ತದೆ.

ಮೂರನೇ ವಾರ ಮನವಿ ಬರೆದು ಅಭ್ಯಾಸ. ಒಂದು ಮನವಿಗೆ ಒಂದೇ ವಿಷಯ, ಒಂದೇ ಪುಟ. ಮೇಲೆ ‘ಇಂದ’, ‘ಇವರಿಗೆ’, ‘ವಿಷಯ’. ಮೊದಲ ಪ್ಯಾರಾದಲ್ಲಿ ತೊಂದರೆ, ಎರಡನೆಯದರಲ್ಲಿ ಲೆಕ್ಕ, ಮೂರನೆಯದರಲ್ಲಿ ಏನಾಗಬೇಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ, ಸೀಲು ಹಾಕಿಸಿಕೊಂಡು ಬರಬೇಕು. ಈ ಸ್ವೀಕೃತಿ ಪಡೆಯುವುದನ್ನು ದೊಡ್ಡವರೇ ಮರೆಯುತ್ತಾರೆ. ತಿಂಗಳಾದರೂ ಉತ್ತರ ಬರದಿದ್ದರೆ ಆ ದಿನಾಂಕವನ್ನೇ ಉಲ್ಲೇಖಿಸಿ ನೆನಪೋಲೆ. ಮೂರರಲ್ಲಿ ಒಂದು ಆದರೂ ಅದು ಗೆಲುವೇ. ಆಗದ ಎರಡರ ಬಗ್ಗೆ ಕಾರಣ ಕೇಳಿಕೊಂಡು ಬಂದು ಪ್ರಾರ್ಥನೆಯಲ್ಲಿ ಹೇಳುವ ಹೊಣೆಯೂ ಅದೇ ಮಕ್ಕಳದು.

ಅಭ್ಯಾಸದಲ್ಲಿ ಶಿಕ್ಷಕರೊಬ್ಬರು ಅಸಡ್ಡೆಯ ಅಧಿಕಾರಿಯ ಪಾತ್ರ ಮಾಡಲಿ. ಫೋನ್ ನೋಡುತ್ತಾ ‘ಹೂಂ, ಆಮೇಲೆ?’ ಎನ್ನಲಿ. ಅದನ್ನು ಒಮ್ಮೆ ಎದುರಿಸಿದ ಮಗು ನಿಜವಾದ ಸಭೆಯಲ್ಲಿ ತಡವರಿಸುವುದಿಲ್ಲ.

ಕೆಡುವಾಗ

ಸಂಪುಟದ ಹುಡುಗ ಚಿಕ್ಕವರಿಗೆ ಹೊಡೆದ ಎಂದರೆ ಖಾತೆ ಎರಡು ವಾರ ಜೊತೆಗಾರ್ತಿಯ ಕೈಗೆ. ಹೊಡೆತ ತಿಂದ ಮಗುವಿನ ಮುಂದೆ ಅವನು ಕೂತು ಕೇಳಿಸಿಕೊಳ್ಳಬೇಕು. ಅವನಿಗೆ ನೀವು ಹೊಡೆದರೆ ಪಾಠ ತಲೆಕೆಳಗಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ ಎನ್ನುವುದೂ ನೆನಪಿರಲಿ. ಗಂಭೀರ ದೂರುಗಳು, ಕೆಟ್ಟದಾಗಿ ಮುಟ್ಟುವುದು, ಬೆದರಿಸುವುದು, ಬಾಲ್ಯವಿವಾಹದ ಸುದ್ದಿ ಇಂಥವು ಮಕ್ಕಳ ಸಭೆಗೆ ಬರಬಾರದು. ಅವು ನೇರ ಮುಖ್ಯ ಶಿಕ್ಷಕರಿಗೆ ಮತ್ತು ಮಕ್ಕಳ ಸಹಾಯವಾಣಿ 1098ಕ್ಕೆ. ಆ ಸಂಖ್ಯೆ ಗೋಡೆಯ ಮೇಲೆ ದೊಡ್ಡದಾಗಿ ಇರಲಿ.

ಪೋಷಕರು ‘ಓದೋದು ಬಿಟ್ಟು ಇದೇನು?’ ಎಂದು ಬಂದರೆ ವಾದ ಮಾಡಬೇಡಿ, ಮಗು ಬರೆದ ಹಾಲಿನ ಲೆಕ್ಕದ ಪುಸ್ತಕ ತೋರಿಸಿ.

ಹಂತ 9: ನೋಡುವುದು ಮತ್ತು ಒಪ್ಪಿಸುವುದು

ಅಂಕ ಕೊಡಬೇಡಿ. ತಿಂಗಳಿಗೊಮ್ಮೆ ಪ್ರತಿ ಮಗುವಿನ ಬಗ್ಗೆ ಎರಡು ಸಾಲು ಬರೆದಿಡಿ: ಕೇಳದೆಯೇ ಏನು ಮಾಡಿದಳು, ಯಾರನ್ನು ಜೊತೆಗೆ ಸೇರಿಸಿಕೊಂಡಳು, ತಪ್ಪನ್ನು ತಾನೇ ಹೇಳಿದಳೇ. ವ್ಯವಸ್ಥೆಯನ್ನು ಅಳೆಯುವುದು ಇನ್ನೂ ಸುಲಭ. ನೀವು ಮೂರು ದಿನ ತರಬೇತಿಗೆ ಹೋಗಿ ಬನ್ನಿ. ಆ ಮೂರು ದಿನದ ಹಾಲಿನ ಚೀಟಿಗಳು ಪುಸ್ತಕದಲ್ಲಿ ಇದ್ದರೆ ಸಂಸತ್ತು ನಡೆಯುತ್ತಿದೆ.

ಮಾರ್ಚ್ ಮೊದಲ ವಾರದಲ್ಲಿ, ಪರೀಕ್ಷೆಯ ಗಡಿಬಿಡಿಗೆ ಮುಂಚೆ, ಹಸ್ತಾಂತರ. ಮುಂದಿನ ವರ್ಷವೂ ಶಾಲೆಯಲ್ಲಿರುವ ಇಬ್ಬರನ್ನು ಪ್ರತಿ ಖಾತೆಯವರೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ವಾರ ಕೆಲಸ ತೋರಿಸಲಿ. ಕೊನೆಯ ಪುಟದಲ್ಲಿ ‘ನಮಗೆ ಆಗದೆ ಉಳಿದದ್ದು’ ಎಂದು ಬರೆದು, ಪುಸ್ತಕ, ಬೀರುವಿನ ಬೀಗದ ಕೈ, ಅಳತೆ ಲೋಟ ಮೂರನ್ನೂ ಎಣಿಸಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳಲಿ. ಬೇಸಿಗೆ ರಜೆಯಲ್ಲಿ ಲೋಟ ಅಡುಗೆಮನೆಯಲ್ಲಿ ಕಳೆದುಹೋಗುವುದು ಮಾಮೂಲು. ಅದನ್ನು ಪುಸ್ತಕಗಳ ಜೊತೆಗೇ ಬೀರುವಿನಲ್ಲಿಡಿ.